ಬಳೆ ಹಸಿರಾಗಿಯೇ ಇತ್ತು

ಪರದೆಯ ಮೇಲೆ ಇನ್ನೂರ ಹನ್ನೊಂದು ಹಸಿರು ಚುಕ್ಕೆಗಳ ನಡುವೆ ಒಂದು ಕೆಂಪು ಚುಕ್ಕೆ ಮೂಡಿದರೆ ಜಯಸುಧಾ ಮೊದಲು ಮಾಡಬೇಕಾದದ್ದು ಏನು? ಆ ಚುಕ್ಕೆಯ ಹೆಂಗಸನ್ನು ಗುಲಾಬಿ ಬೆಳೆಯುವ ಪಾಲಿಹೌಸಿನಿಂದ ಹೊರಗೆ ಕರೆಸುವುದು ಎಂದು ನೀವು ಅಂದುಕೊಂಡರೆ ನಿಮಗೆ ಕಂಪನಿಯ ಕೈಪಿಡಿ ಗೊತ್ತಿಲ್ಲ ಎಂದಾಯಿತು. ಮೊದಲು ಚುಕ್ಕೆಯನ್ನು ಕಳಿಸುವ ಅವಳ ಕೈಬಳೆ ಕೆಟ್ಟಿದೆಯೇ ಎಂದು ನೋಡಬೇಕು. ಹೊಸ ಬಳೆ ತೊಡಿಸಬೇಕು. ಅದೂ ಕೆಂಪಾದರೆ ಮ್ಯಾನೇಜರಿಗೆ ತಿಳಿಸಬೇಕು. ಹೆಂಗಸಿನ ವಿಷಯ ಬರುವುದು ನಾಲ್ಕನೆಯ ಪುಟದಲ್ಲಿ.

ಆವತ್ತು ಬೆಳಿಗ್ಗೆ ಒಂಬತ್ತೂಕಾಲಿಗೆ ಕೆಂಪಾದದ್ದು ನಾಲ್ಕನೇ ಪಾಲಿಹೌಸಿನ ನಾಗವೇಣಿಯ ಬಳೆ. ನಾಗವೇಣಿ ಬೇರೆ ಯಾರೂ ಅಲ್ಲ, ಜಯಸುಧಾಳ ಅಕ್ಕ ಲಚ್ಚಮ್ಮನ ಸೊಸೆ. ಐದು ತಿಂಗಳು ಮಧುಗಿರಿ ಕಡೆಯ ತವರಿನಲ್ಲಿ ಬಾಣಂತನ ಮುಗಿಸಿಕೊಂಡು, ಮಗುವನ್ನು ಎತ್ತಿಕೊಂಡು ಬಂದು, ಕೆಲಸಕ್ಕೆ ಸೇರಿ ಸರಿಯಾಗಿ ಒಂಬತ್ತು ದಿನವಾಗಿತ್ತು. ಅದೇ ಸಾಲಿನಲ್ಲಿ, ಅವಳಿಂದ ಎರಡು ಮಾರು ದೂರದಲ್ಲಿ, ಅತ್ತೆಯೂ ಗುಲಾಬಿ ಕತ್ತರಿಸುತ್ತಿದ್ದಳು. ಅತ್ತೆಯ ಚುಕ್ಕೆ ಹಸಿರಾಗಿತ್ತು.

ಜಯಸುಧಾ ಗಾಜಿನ ಕಿಟಕಿಯಿಂದ ನೋಡಿದಳು. ನಿಗಾ ಕೊಠಡಿಯಲ್ಲಿ ಏಸಿ, ಗಾಳಿ ಸೋಸುವ ಯಂತ್ರ, ಎರಡು ಬಾಗಿಲು. ಆಚೆಗೆ ಪ್ಲಾಸ್ಟಿಕ್ ಸೂರಿನ ಕೆಳಗೆ ಬೆಳಗಿನ ಏಳು ಗಂಟೆಗೆ ಹೊಡೆದ ಔಷಧಿಯ ಮಬ್ಬು ಇನ್ನೂ ಎಲೆಗಳ ಮೇಲಿತ್ತು. ಕೆಂಪಾದ ನಾಗವೇಣಿ ಚುರುಕಾಗಿಯೇ ಹೂ ಕತ್ತರಿಸುತ್ತಿದ್ದಳು. ಹಸಿರಾದ ಅಕ್ಕ ಕತ್ತರಿಯನ್ನು ಕೆಳಗೆ ಬೀಳಿಸಿ, ಬಗ್ಗಿ ಎತ್ತಿಕೊಂಡು, ಸೆರಗಿನಿಂದ ಬಾಯಂಚಿನ ಜೊಲ್ಲು ಒರೆಸಿಕೊಂಡಳು. ಹನ್ನೊಂದು ವರ್ಷದಿಂದ ಅದೇ ಸಾಲಿನಲ್ಲಿ ದುಡಿದು, ಅದೇ ಕೂಲಿಯಲ್ಲಿ ತಂಗಿಯನ್ನು ಲ್ಯಾಬ್ ಡಿಪ್ಲೊಮಾ ಓದಿಸಿದ ಅಕ್ಕ ಅವಳು.

ಈ ಬಳೆಯ ಕತೆ ಸ್ವಲ್ಪ ಹೇಳಬೇಕು. ನರವು ಸ್ನಾಯುವಿಗೆ ಒಂದು ಮಾತು ಹೇಳಬೇಕಾದರೆ ಒಂದು ರಾಸಾಯನಿಕವನ್ನು ಬಿಡುತ್ತದೆ. ಮಾತು ಮುಟ್ಟಿದ ಮೇಲೆ ಅದನ್ನು ಅಳಿಸಿಹಾಕುವ ಕೆಲಸ ಒಂದು ಕಿಣ್ವದ್ದು. ಸ್ಲೇಟು ಒರೆಸಿದರೆ ತಾನೆ ಮುಂದಿನ ಅಕ್ಷರ ಬರೆಯಲು ಬರುವುದು. ಗುಲಾಬಿಗೆ ಹೊಡೆಯುವ ಔಷಧಿ ಈ ಒರೆಸುವ ಕಿಣ್ವಕ್ಕೇ ಅಂಟಿಕೊಳ್ಳುತ್ತದೆ. ಹುಳ ಹಾಗೆ ಸಾಯುತ್ತದೆ. ಮನುಷ್ಯರು ಒಂದೇ ಸಲಕ್ಕೆ ಸಾಯುವುದಿಲ್ಲ. ಸ್ಲೇಟಿನ ಮೇಲೆ ಗೀಚಿನ ಮೇಲೆ ಗೀಚು ಬಿದ್ದು, ಕೈ ನಡುಗುತ್ತದೆ, ರೆಪ್ಪೆ ಅದುರುತ್ತದೆ, ಜೊಲ್ಲು ಸುರಿಯುತ್ತದೆ, ಕಣ್ಣು ಮಂಜಾಗುತ್ತದೆ. ಕಾವಲು ಬಳೆಯ ಒಳಮೈಯಲ್ಲಿ ಕೂದಲಿಗಿಂತ ಸಣ್ಣ ಸೂಜಿಗಳಿವೆ. ಅವು ದಿನಕ್ಕೆ ನಾಲ್ಕು ಸಲ ರಕ್ತದಲ್ಲಿ ಆ ಕಿಣ್ವ ಎಷ್ಟು ಉಳಿದಿದೆ ಎಂದು ಅಳೆಯುತ್ತವೆ. ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಪ್ರಮಾಣ ಇರುವುದರಿಂದ, ಮೊದಲ ದಿನ ತೊಡಿಸಿದಾಗ ಸಿಕ್ಕಿದ್ದನ್ನೇ 'ಮೂಲ ಅಳತೆ' ಎಂದು ಅವರ ಹೆಸರಿನ ದಾಖಲೆಯಲ್ಲಿ ಇಡುತ್ತಾರೆ; ಬಳೆ ಬದಲಾದರೂ ಅದು ಬದಲಾಗುವುದಿಲ್ಲ. ಅದರ ನೂರಕ್ಕೆ ಎಪ್ಪತ್ತಕ್ಕಿಂತ ಕೆಳಗಿಳಿದರೆ ಕೆಂಪು.

ಬಳೆ ಬರುವ ಮುಂಚೆ, ಔಷಧಿ ಹೊಡೆದ ಮೇಲೆ ಇಪ್ಪತ್ತನಾಲ್ಕು ಗಂಟೆ ಯಾರೂ ಒಳಗೆ ಕಾಲಿಡಬಾರದು ಎಂಬ ಹಳೆಯ ನಿಯಮವಿತ್ತು. ಬಳೆ ಬಂದ ಮೇಲೆ ಆ ನಿಯಮವನ್ನು ತೆಗೆದರು. ಕಾವಲಿಗೆ ಬಳೆಯೇ ಇದೆಯಲ್ಲ, ಗಡಿಯಾರ ಯಾಕೆ? ಈಗ ಎರಡು ಗಂಟೆ ಸಾಕು. ವಿಜ್ಞಾನ ಮುಂದುವರಿಯುವುದು ಎಂದರೆ ಹೀಗೆ.

ಜಯಸುಧಾ ನಾಗವೇಣಿಗೆ ಹೊಸ ಬಳೆ ತೊಡಿಸಿದಳು. ಅದೂ ಕೆಂಪಾಯಿತು. ಆಗ ಅವಳು ಬಣ್ಣ ಬಿಟ್ಟು ಬಣ್ಣದ ಹಿಂದಿನ ಅಂಕಿಗಳನ್ನು ತೆರೆದಳು. ಎರಡು ವರ್ಷದಲ್ಲಿ ಅವಳು ಆ ಪುಟ ತೆರೆದದ್ದು ಅದೇ ಮೊದಲು, ಯಾಕೆಂದರೆ ಯಾರೂ ತೆರೆಯಲು ಹೇಳಿರಲಿಲ್ಲ. ಈ ತಪ್ಪಿಗೆ ಅವಳು ಆಮೇಲೂ ತನ್ನನ್ನು ತಾನು ಕ್ಷಮಿಸಲಿಲ್ಲ.

ನಾಗವೇಣಿಯ ಕಿಣ್ವ ಅರವತ್ತೊಂದು. ಕೆಂಪು.

ಅಕ್ಕನ ಕಿಣ್ವ ಮೂವತ್ತೆಂಟು. ಹಸಿರು.

ಜಯಸುಧಾ ಪುಟವನ್ನು ಮುಚ್ಚಿ ಮತ್ತೆ ತೆರೆದಳು. ಅದೇ ಅಂಕಿ. ಆಮೇಲೆ ಮೂಲ ಅಳತೆಯ ಕಾಲಂ ನೋಡಿದಳು. ನಾಗವೇಣಿಯ ಮೂಲ ಅಳತೆ ತೊಂಬತ್ತೆರಡು; ತವರಿನಿಂದ ಬಂದ ದಿನ, ರಜೆ ಉದ್ದವಾಗಿದ್ದರೆ ಹೊಸದಾಗಿ ಅಳೆಯಬೇಕೆಂಬ ನಿಯಮವಿದ್ದುದರಿಂದ ತೆಗೆದದ್ದು. ಅದಕ್ಕೂ ಮುಂಚೆ, ಬಸಿರಿಯಾಗುವ ಮೊದಲು, ಇದೇ ನಾಗವೇಣಿಯ ಮೂಲ ಅಳತೆ ನಲವತ್ತೇಳು ಇತ್ತು. ಅಕ್ಕನದು ನಲವತ್ತೊಂದು. ಬಳೆ ಬಂದ ವರ್ಷ ಯಾರನ್ನೂ ಹೊರಗಿಟ್ಟು ಮೈ ತಿಳಿಯಾಗಲು ಬಿಟ್ಟಿರಲಿಲ್ಲ. ಹೂ ಕತ್ತರಿಸುತ್ತಿದ್ದವರನ್ನು ಸಾಲಾಗಿ ನಿಲ್ಲಿಸಿ, ಅವರವರ ಕೈಗೆ ತೊಡಿಸಿ, ಅವತ್ತು ಇದ್ದದ್ದೇ ಸರಿ ಎಂದು ಬರೆದುಕೊಂಡಿದ್ದರು. ಅರ್ಧ ಸೋರಿದ ಕೊಡವನ್ನು ತುಂಬಿದ ಕೊಡ ಎಂದು ಬರೆದುಕೊಂಡರೆ, ಅದು ಮುಂದೆ ಸೋರುವುದು ಯಾರಿಗೆ ಕಾಣುತ್ತದೆ? ತೊಡಿಸಿದ್ದು ಜಯಸುಧಾಳೇ.

ಆ ಕಿಣ್ವ ಪೂರ್ತಿ ತುಂಬಿಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ಗುಲಾಬಿಗೆ ಭಾನುವಾರ ಗೊತ್ತಿಲ್ಲ, ಹಬ್ಬ ಗೊತ್ತಿಲ್ಲ. ಇನ್ನೂರ ಹನ್ನೆರಡು ಹೆಂಗಸರಲ್ಲಿ ಅಷ್ಟು ದಿನ ಆ ಗಾಳಿಯಿಂದ ಆಚೆ ಇರಲು ಒಂದೇ ಒಂದು ದಾರಿಯಿತ್ತು: ತವರಿನ ಬಾಣಂತನ.

ಮ್ಯಾನೇಜರ್ ಪ್ರಹ್ಲಾದ್ ಕೆಟ್ಟ ಮನುಷ್ಯನೇನಲ್ಲ. ಹೆಂಗಸರನ್ನು ಅಮ್ಮ ಎಂದೇ ಮಾತಾಡಿಸುತ್ತಿದ್ದ. ಜಯಸುಧಾ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ, ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿದ್ದು.

"ನೋಡಿ ಮೇಡಂ, ಬಾಣಂತಿ ಮೈಯಲ್ಲಿ ಹಾರ್ಮೋನು ಏರುಪೇರಾಗಿರುತ್ತೆ. ಹೋದ ವರ್ಷವೂ ಮೂವರಿಗೆ ಕೆಂಪು ಬಂತು, ಮೂವರೂ ಬಾಣಂತಿಯರೇ. ಬೇರೆ ಯಾರಿಗೂ ಬರದೆ ಅವರಿಗೇ ಯಾಕೆ ಬರುತ್ತೆ, ನೀವೇ ಹೇಳಿ?"

"ಅದನ್ನೇ ಹೇಳ್ತಾ ಇದೀನಿ ಸರ್. ಈ ಊರಿನಲ್ಲಿ ಅವರ ಬಳೆಗಳಷ್ಟೇ ಸರಿಯಾಗಿ ಕೆಲಸ ಮಾಡ್ತಿರೋದು."

"ಅಂದ್ರೆ ಇನ್ನೂರ ಹನ್ನೊಂದು ತಪ್ಪು, ಒಂದು ಸರಿ?"

"ಹೌದು ಸರ್."

ಪ್ರಹ್ಲಾದ್ ನಕ್ಕ. ನಕ್ಕದ್ದು ಕುಹಕದಿಂದಲ್ಲ, ಸುಸ್ತಿನಿಂದ. "ಬಳೆ ಮಾಡಿದವರಿಗೆ ಬರೆದೆ. ನಾಲ್ಕು ದಿನ ಬಳೆ ಬಿಚ್ಚಿಟ್ಟು, ಹಳೆಯ ದಾಖಲೆ ಅಳಿಸಿ, ಹೊಸದಾಗಿ ಮೂಲ ಅಳತೆ ತಗೊಳ್ಳಿ ಅಂದಿದ್ದಾರೆ. ಅಲ್ಲೀವರೆಗೂ ಆಯಮ್ಮ ಗ್ರೇಡಿಂಗ್ ಹಾಲಿನಲ್ಲಿ ಹೂ ಜೋಡಿಸ್ಲಿ. ಮತ್ತೂ ಕೆಂಪು ಬಂದ್ರೆ ಅವರ ಮೈಗೆ ಈ ಕೆಲಸ ಒಗ್ಗಲ್ಲ ಅಂತಾಯ್ತು, ಬಿಡಿಸ್ತೀವಿ. ಇನ್ನು ಮುಂದೆ ಬಾಣಂತಿಯರನ್ನ ಒಂದು ವರ್ಷ ತಗೊಳ್ಳೋದೇ ಬೇಡ ಅಂತ ಮೇಲಿನವರ ಯೋಚನೆ. ಅವರ ಒಳ್ಳೇದಕ್ಕೇ."

ಒಳ್ಳೇದಕ್ಕೇ ಎಂಬ ಮಾತು ಕೇಳಿ ಜಯಸುಧಾಳಿಗೆ ಮೇಜಿನ ಮೇಲಿದ್ದ ಪೇಪರ್‌ವೇಟು ಕಾಣಿಸಿತು. ಎತ್ತಿಕೊಳ್ಳಲಿಲ್ಲ. ಎದ್ದು ಬಂದಳು.

ಒಂದು ಸಮಾಧಾನವಿತ್ತು. ಮುಂದಿನ ಮಂಗಳವಾರ ಕಾರ್ಮಿಕರ ಆರೋಗ್ಯ ನೋಡುವ ಅಧಿಕಾರಿ ತಪಾಸಣೆಗೆ ಬರುವವನಿದ್ದ. ನಾಗವೇಣಿ ನಾಲ್ಕು ದಿನ ಔಷಧಿಯಿಂದ ದೂರವಿದ್ದರೆ ಅರವತ್ತೊಂದಕ್ಕಿಂತ ಕೆಳಗಿಳಿಯುವುದಿಲ್ಲ. ಹೊಸ ಬಳೆಯಲ್ಲಿ ಆ ಅಂಕಿ ಬಂದರೆ ಸಾಕು. ಅದೇ ಸಾಲಿನ ಮೂವತ್ತೆಂಟರ ಪಕ್ಕದಲ್ಲಿ ಅರವತ್ತೊಂದನ್ನು ಇಟ್ಟು, ಇದು ಯಾಕೆ ಹೀಗೆ ಎಂದು ಅವನನ್ನೇ ಕೇಳಬಹುದು. ಯಂತ್ರ ಹೇಳಿದ ಅಂಕಿ. ಅವನು ಇಲ್ಲ ಎನ್ನುವ ಹಾಗಿಲ್ಲ.

ಸಂಜೆ ಮನೆಯಲ್ಲಿ ಅಕ್ಕ ಅಂಗಳದ ಬೆಳಕಿನಲ್ಲಿ ಕೂತು ಮೊಮ್ಮಗಳ ಅಂಗಿಗೆ ಗುಂಡಿ ಹೊಲಿಯಲು ನೋಡುತ್ತಿದ್ದಳು. ದಾರ ಸೂಜಿಯ ಕಣ್ಣಿಗೆ ಹೋಗಲೊಲ್ಲದು. ಒಂದು ಸಲ ನೆಕ್ಕಿ, ಎರಡು ಸಲ ನೆಕ್ಕಿ, ಕೊನೆಗೆ ಸೊಸೆಯ ಕೈಗೆ ಕೊಟ್ಟಳು.

"ಕಣ್ಣಿಗೆ ವಯಸ್ಸಾಯ್ತು ಕಣೆ."

"ನಲವತ್ತಾರಕ್ಕೆ ಎಂಥಾ ವಯಸ್ಸಕ್ಕ?"

"ಹೂವಿನ ತಲೆನೋವು ಬ್ಯಾರೆ ಇವತ್ತು. ಎಲ್ರಿಗೂ ಇರೋದೇ ಬುಡು."

ಹೂವಿನ ತಲೆನೋವು. ಆ ಹೆಂಗಸರು ಅದಕ್ಕೊಂದು ಹೆಸರಿಟ್ಟು, ಹೆಸರಿಟ್ಟ ಮೇಲೆ ಮನೆಯವರಲ್ಲಿ ಒಬ್ಬರನ್ನಾಗಿ ಮಾಡಿಕೊಂಡುಬಿಟ್ಟಿದ್ದರು. ನಾಗವೇಣಿ ದಾರ ಪೋಣಿಸಿಕೊಟ್ಟು, ಮಗುವನ್ನು ತೊಡೆಗೆ ಹಾಕಿಕೊಂಡು ಹೇಳಿದಳು: "ತವ್ರಲ್ಲಿದ್ದಾಗ ಒಂದಿನಾನೂ ಬರ್ಲಿಲ್ಲ ಚಿಕ್ಕತ್ತೆ. ಬಾಣಂತಿ ಕಾರ ತಿಂದಿದ್ದಕ್ಕೆ ವಾಸಿಯಾಯ್ತು ಅಂದ್ಕೊಂಡಿದ್ದೆ. ಬಂದು ವಾರ ಆಗ್ಲಿಲ್ಲ, ಮತ್ತೆ ಹಿಡ್ಕೊಂತು."

ಜಯಸುಧಾ ತಡೆಯಲಾರದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಸ್ಲೇಟು, ಒರೆಸುವುದು, ತೊಂಬತ್ತೆರಡು, ನಲವತ್ತೊಂದು, ಮತ್ತೆ ಕೆಂಪಾದರೆ ಕೆಲಸ ಬಿಡಿಸುತ್ತಾರೆಂಬುದು, ಎಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು ತೋರಿಸಿದಳು: ಇದು ನಾಗವೇಣಿಯ ಮೇಲಿನ ಗೆರೆ, ಅಲ್ಲಿಂದ ಇಳಿದದ್ದು ಬಳೆಗೆ ಕಂಡಿತು, ಕೂಗಿತು. ಇದು ಅಕ್ಕನ ಗೆರೆ. ಬಳೆ ಬರುವಾಗಲೇ ಕೆಳಗಿತ್ತು, ಹಾಗಾಗಿ ಅದಕ್ಕೆ ಏನೂ ಕಾಣುವುದಿಲ್ಲ.

"ಅಂದ್ರೆ ಮೊದ್ಲೇ ಕೆಳಗಿದ್ರೆ ಬಳೆ ಕೆಂಪಾಗಲ್ಲ?" ಎಂದಳು ನಾಗವೇಣಿ.

"ಆಗಲ್ಲ. ಅದೇ ಮೋಸ."

"ನಂದು ಹಸಿರೈತಲ್ಲ, ನಂಗೇನಾಗೈತೆ?" ಎಂದಳು ಅಕ್ಕ. "ನೀನೇ ಅಲ್ವಾ ಈ ಕೈಗೆ ತೊಡ್ಸಿದ್ದು? ಹಸಿರಿದ್ರೆ ಭಯ ಇಲ್ಲ ಅಕ್ಕ ಅಂತ ನೀನೇ ಅಂದಿದ್ದೆ."

ಜಯಸುಧಾ ಸೊಸೆಯ ಕಡೆಗೆ ತಿರುಗಿದಳು. "ನಾಗವೇಣಿ, ನಾಲ್ಕು ದಿನ ನೀನು ಗ್ರೇಡಿಂಗ್ ಹಾಲ್ ಬಿಟ್ಟು ಅಲ್ಲಾಡಬೇಡ. ಮಂಗಳವಾರ ಆಫೀಸರ್ ಬರ್ತಾರೆ, ನಿನ್ನ ಬಳೆ ತೋರಿಸಿ ಎಲ್ಲಾ ಸರಿ ಮಾಡಿಸ್ತೀನಿ" ಎಂದು ಎದ್ದಳು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ಅವಳು ನೋಡಿದಳು, ಆದರೆ ಅದರ ಅರ್ಥ ಆಗ ಹೊಳೆಯಲಿಲ್ಲ.

ಮಂಗಳವಾರ ಎಂಟು ಗಂಟೆಗೆ ಪ್ರಹ್ಲಾದನ ಎದುರಿಗೇ ನಾಗವೇಣಿಯ ಹಳೆಯ ದಾಖಲೆ ಅಳಿಸಿ, ಹೊಸ ಬಳೆ ತೊಡಿಸಿದಳು. ಸೂಜಿಗಳು ರಕ್ತ ಮುಟ್ಟಲು ಅರ್ಧ ನಿಮಿಷ. ಈ ಸಲ ಅವಳು ತೆರೆದೇ ಇಟ್ಟಿದ್ದ ಅಂಕಿಗಳ ಪುಟದಲ್ಲಿ ಹೊಸ ಅಳತೆ ಮೂಡಿತು.

ನಲವತ್ತನಾಲ್ಕು. ಚುಕ್ಕೆ ಹಸಿರಾಯಿತು.

"ನೋಡಿ ಮೇಡಂ, ಬಳೆಯೇ ಸರಿಹೋಯ್ತು" ಎಂದ ಪ್ರಹ್ಲಾದ್. ಅವನ ಮುಖದಲ್ಲಿ ನಿಜವಾದ ಖುಷಿಯಿತ್ತು. "ಆಯಮ್ಮನ ಕೆಲಸವೂ ಉಳೀತು."

ಇನ್ನೂರ ಹನ್ನೆರಡಕ್ಕೆ ಇನ್ನೂರ ಹನ್ನೆರಡೂ ಹಸಿರು. ಜಯಸುಧಾ ಪರದೆಯ ಅಂಕಿಯನ್ನು ಇನ್ನೊಮ್ಮೆ ಓದಿದಳು. ಗ್ರೇಡಿಂಗ್ ಹಾಲಿನಲ್ಲಿ ಕೂತವಳ ಕಿಣ್ವ ಅರವತ್ತೊಂದರಿಂದ ನಲವತ್ತನಾಲ್ಕಕ್ಕೆ ಇಳಿಯುವುದು ಸಾಧ್ಯವೇ ಇಲ್ಲ.

ಹನ್ನೊಂದು ಗಂಟೆಗೆ ನಾಗವೇಣಿ ಗೇಟಿನ ಪಕ್ಕದ ಕೂಸಿನ ಮನೆಗೆ ಮಗುವಿಗೆ ಹಾಲು ಕೊಡಲು ಬರುತ್ತಾಳೆ. ಜಯಸುಧಾ ಅಲ್ಲಿ ಅವಳನ್ನು ಹಿಡಿದಳು. ರೆಪ್ಪೆ ಪಟಪಟ ಅದುರುತ್ತಿತ್ತು. ಹಣೆಯ ತುಂಬ ಬೆವರು.

"ಎಲ್ಲಿದ್ದೆ ನಾಲ್ಕು ದಿನ?"

ನಾಗವೇಣಿ ಅಡಗಿಸಲಿಲ್ಲ. ಅಡಗಿಸುವಂಥದ್ದು ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. "ಔಷಧಿ ಹೊಡಿಯೋವಾಗ್ಲೇ ಒಳಗೋಗಿ ನಿಂತ್ಕೊಂತಿದ್ದೆ ಚಿಕ್ಕತ್ತೆ. ಬಳೆ ಇರ್ಲಿಲ್ವಲ್ಲ, ಯಾರಿಗ್ ಗೊತ್ತಾಯ್ತದೆ? ಮೂತಿಗೆ ಬಟ್ಟೆನೂ ಕಟ್ಕೊಳ್ಲಿಲ್ಲ. ಅತ್ತೆ ಬಾಗ್ಲಲ್ಲಿ ನಿಂತು ನೋಡ್ಕೊಂತಿದ್ರು, ತಲೆ ಸುತ್ತಿದ್ರೆ ಈಚೆಗೆ ಎಳ್ಕೊಳ್ಳೋಕೆ. ಕೆಳಗಿದ್ರೆ ಕೆಂಪಾಗಲ್ಲ ಅಂತ ನೀವೇ ಹೇಳ್ಕೊಟ್ರಿ. ಇಲ್ದಿದ್ರೆ ನನ್ ಕೆಲ್ಸ ಹೋಗ್ತಿತ್ತು."

ಜಯಸುಧಾ ಬೈಯಬೇಕೆಂದುಕೊಂಡಳು, ಯಾರನ್ನು ಎಂದು ತಿಳಿಯಲಿಲ್ಲ. ಸೀಮೆಸುಣ್ಣದ ಆ ಎರಡು ಗೆರೆಗಳನ್ನು ಎಳೆದದ್ದು ಅವಳ ಕೈಯೇ. ಅವಳು ಮೋಸ ಎಂದು ತೋರಿಸಿದ್ದನ್ನು ಅವರು ಉಪಾಯ ಎಂದು ಕಲಿತುಕೊಂಡಿದ್ದರು. ಅವರ ಜಾಗದಲ್ಲಿ ನಿಂತು ನೋಡಿದರೆ ಅದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

"ಮಗುವಿಗೆ ಕೊಡಬೇಡ" ಎಂದಷ್ಟೇ ಹೇಳಿದಳು. "ಮೊದಲು ಸ್ನಾನ ಮಾಡು. ಆ ಸೀರೆ ಬಿಚ್ಚಿ ಬಿಸಾಕು."

"ಇಲ್ಲಿ ಸ್ನಾನಕ್ಕೆ ಎಲ್ಲೈತೆ ಚಿಕ್ಕತ್ತೆ ಜಾಗ?" ಎಂದಳು ನಾಗವೇಣಿ. ಮಗು ಅವಳ ಸೆರಗು ಹಿಡಿದು ಎಳೆಯುತ್ತಿತ್ತು.

ಅಧಿಕಾರಿ ಹನ್ನೆರಡಕ್ಕೆ ಬಂದ. ಎಳನೀರು ಕುಡಿದ, ಇನ್ನೂರ ಹನ್ನೆರಡು ಹಸಿರು ಚುಕ್ಕೆಗಳನ್ನು ನೋಡಿ ತಲೆದೂಗಿದ. ಜಯಸುಧಾ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡ ಅಂಕಿಗಳನ್ನು ಅವನ ಮುಂದಿಟ್ಟಳು. ಅವನು ಓದಿದ. ಅರ್ಥವಾಯಿತು ಎಂದು ಅವನ ಕಣ್ಣೇ ಹೇಳಿತು.

"ಇದು ನಿಮ್ಮ ಕೈಬರಹ ಅಲ್ವೇ ಅಮ್ಮ? ಯಂತ್ರದ ದಾಖಲೆ ಎಲ್ಲಿ?"

"ನನ್ನ ಕೈಯಲ್ಲೇ ಅಳಿಸಿಸಿಬಿಟ್ರು ಸಾರ್. ಆದ್ರೆ ಬಾಕಿಯವರ ಅಂಕಿ ನೋಡಿ. ಎಲ್ಲ ನಲವತ್ತರ ಆಸುಪಾಸು. ಆರೋಗ್ಯವಂತರಿಗೆ ತೊಂಬತ್ತು ಇರಬೇಕು."

"ಆರೋಗ್ಯವಂತರು ಅಂದ್ರೆ ಯಾರು?" ಎಂದು ಕೇಳಿದ ಅಧಿಕಾರಿ. ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. "ಕಾನೂನಿನಲ್ಲಿ ಎಲ್ಲರಿಗೂ ಒಂದೇ ಅಂಕಿ ಅಂತ ಇಲ್ಲಮ್ಮ. ಅವರವರ ಮೂಲ ಅಳತೆಯೇ ಅವರವರಿಗೆ. ಇದೇ ಸಾಲಿನಲ್ಲಿ ಇದೇ ಕೆಲಸ ಮಾಡೋರು, ಬಾಣಂತಿಯಲ್ಲದೋರು, ಒಬ್ಬರು ಕೆಂಪಾದ್ರೆ ನಾನು ಬೀಗ ಹಾಕಿಸ್ತೀನಿ. ನನ್ನ ಕೈಲಿರೋದು ಅಷ್ಟೇ."

ಅವನ ಜೀಪು ಹೋದ ಮೇಲೂ ಜಯಸುಧಾ ಕಿಟಕಿಯ ಬಳಿ ನಿಂತಿದ್ದಳು. ಸೋಸಿದ ಗಾಳಿ ತಣ್ಣಗೆ ಕುತ್ತಿಗೆಗೆ ಬಡಿಯುತ್ತಿತ್ತು. ಎರಡು ವರ್ಷ ಈ ಕೊಠಡಿಯಲ್ಲಿ ಕೂತು ಅವಳು ಊರಿನವರ ಕೈಗಳನ್ನೆಲ್ಲ ಅಳೆದಿದ್ದಳು. ತನ್ನ ಕೈಯನ್ನು ಒಂದು ದಿನವೂ ಅಳೆದಿರಲಿಲ್ಲ.

ಡ್ರಾಯರಿನಿಂದ ಹೊಸ ಬಳೆಯೊಂದನ್ನು ತೆಗೆದು ತೊಟ್ಟಳು. ಇರುವೆ ಕಚ್ಚಿದಂತಾಯಿತು. ಅರ್ಧ ನಿಮಿಷ. ತೊಂಬತ್ತೈದು.

ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಒಲೆಯ ಮುದ್ದೆ ತಿಂದು ಬೆಳೆದ ಇಬ್ಬರು. ಒಬ್ಬಳು ತೊಂಬತ್ತೈದು, ಒಬ್ಬಳು ಮೂವತ್ತೆಂಟು. ಜಯಸುಧಾ ಇದನ್ನು ಪ್ರಹ್ಲಾದನಿಗೆ ತೋರಿಸಿದಳು. ಅವನು ಪರದೆ ನೋಡಿದ. "ನೀವು ಆಫೀಸ್ ಸ್ಟಾಫು ಮೇಡಂ. ಕೆಲಸದ ವರ್ಗ ಬೇರೆ. ಹೋಲಿಸೋಕೆ ಬರಲ್ಲ" ಎಂದ. ಈ ಸಲ ನಗಲಿಲ್ಲ, ಅವಳ ಕಣ್ಣನ್ನೂ ನೋಡಲಿಲ್ಲ.

"ಹಾಗಾದ್ರೆ ವರ್ಗ ಬದಲಾಯಿಸಿ ಸರ್" ಎಂದಳು ಜಯಸುಧಾ. "ನಾಳೆಯಿಂದ ನಾನು ನಾಲ್ಕನೇ ಪಾಲಿಹೌಸು. ಈಗಲೇ ಬರೆದುಕೊಡ್ತೀನಿ. ಪರದೆಗೆ ಬೇರೆ ಯಾರನ್ನಾದ್ರೂ ಕೂರಿಸಿ. ನನ್ನ ಮೂಲ ಅಳತೆ ತೊಂಬತ್ತೈದು ಅಂತ ಇವತ್ತೇ ಅಧಿಕಾರಿಗೂ ಕಳಿಸಿದೀನಿ, ಅದನ್ನ ಯಾರೂ ಅಳಿಸೋಕಾಗಲ್ಲ."

ಹೂ ಕತ್ತರಿಸಲು ಕೈಗಳು ಎಂದೂ ಸಾಲುತ್ತಿರಲಿಲ್ಲ. ಇಲ್ಲ ಎನ್ನಲು ಪ್ರಹ್ಲಾದನಿಗೆ ಯಾವ ಕಾರಣವೂ ಹೊಳೆಯಲಿಲ್ಲ.

ಮರುದಿನ ಏಳಕ್ಕೆ ಔಷಧಿ ಹೊಡೆದರು. ಒಂಬತ್ತಕ್ಕೆ ಬಾಗಿಲು ತೆರೆಯಿತು. ಪ್ಲಾಸ್ಟಿಕ್ ಪರದೆ ಸರಿಸಿ ಜಯಸುಧಾ ಒಳಗೆ ಕಾಲಿಟ್ಟಳು. ಬೆಚ್ಚಗಿನ ಹಬೆ, ಬೆಳ್ಳುಳ್ಳಿ ಕೊಳೆತಂಥ ವಾಸನೆ, ನಾಲಿಗೆಯ ಮೇಲೆ ತಾಮ್ರದ ರುಚಿ. ಕಿಟಕಿಯ ಆ ಕಡೆಯಿಂದ ನೋಡುವಾಗ ಇದು ಬರೀ ಮಬ್ಬಾಗಿ ಕಾಣುತ್ತಿತ್ತು. ಅವಳು ಕತ್ತರಿ ಹಿಡಿದು ಅಕ್ಕನ ಸಾಲಿಗೆ ಹೋಗಿ ನಿಂತಳು.

ಅಕ್ಕ ತಿರುಗಿ ನೋಡಿ ಕೈಯಲ್ಲಿದ್ದ ಹೂ ಕೆಳಗೆ ಹಾಕಿದಳು.

"ಏ ಸುಧಾ! ನಿಂಗೇನ್ ಬಂದೈತೆ? ಈಗ್ತಾನೆ ಹೊಡ್ದವ್ರೆ, ವಾಸ್ನೆ ಬರಾಕಿಲ್ವಾ? ನಡಿ ಆಚೆಗೆ!"

"ನೀನಿದೀಯಲ್ಲಕ್ಕ ಒಳಗೆ."

"ನಂದು ಹಸಿರೈತೆ ಕಣೆ!"

"ನಂದೂ ಹಸಿರೇ, ನೋಡು." ಜಯಸುಧಾ ಕೈ ಮುಂದೆ ಚಾಚಿದಳು. "ನಾಗವೇಣಿಗೆ ಕೆಂಪಾಗೋಕೆ ಒಂಬತ್ತು ದಿನ ಹಿಡೀತು. ನಂಗೂ ಅಷ್ಟೇ ಹಿಡೀಬಹುದು."

ಅಕ್ಕ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು. ಎರಡು ಬಳೆಗಳು ಅಕ್ಕಪಕ್ಕದಲ್ಲಿ ಒಂದೇ ಹಸಿರು ಬೆಳಕು ಬಿಡುತ್ತಿದ್ದವು. ಹಿಡಿದ ಕೈ ನಡುಗುತ್ತಿತ್ತು, ಹಿಡಿಸಿಕೊಂಡ ಕೈ ನಡುಗುತ್ತಿರಲಿಲ್ಲ. ಅದನ್ನು ಅಕ್ಕ ನೋಡಿದಳು.

"ನಿಂದು ಎಷ್ಟಂತೆ?" ಎಂದು ಕೇಳಿದಳು. ಎರಡು ವರ್ಷದಲ್ಲಿ ಅವಳು ಅಂಕಿ ಕೇಳಿದ್ದು ಅದೇ ಮೊದಲು.

"ತೊಂಬತ್ತೈದು."

"ನಂದು?"

"ಮೂವತ್ತೆಂಟು ಅಕ್ಕ."

ಅಕ್ಕ ತಂಗಿಯ ಬೆನ್ನಿಗೆ ಕೈಹಾಕಿ ಬಾಗಿಲ ಕಡೆಗೆ ತಳ್ಳಿದಳು; ಹನ್ನೊಂದು ವರ್ಷದ ಹಿಂದೆ ಅವಳನ್ನು ಕಾಲೇಜಿನ ಬಸ್ಸಿಗೆ ತಳ್ಳಿ ಹತ್ತಿಸಿದ ಕೈಯೇ ಅದು. ಜಯಸುಧಾ ಅಲ್ಲಾಡಲಿಲ್ಲ. ಅಕ್ಕ ಇನ್ನೊಮ್ಮೆ ತಳ್ಳಿದಳು, ಬಲ ಸಾಲಲಿಲ್ಲ. ಕೊನೆಗೆ ಅವಳು ತನ್ನ ಮೂತಿಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಬಿಚ್ಚಿ, ಕೊಡವಿ, ನಡುಗುವ ಬೆರಳುಗಳಿಂದ ತಂಗಿಯ ಮೂಗು ಬಾಯಿ ಮುಚ್ಚುವಂತೆ ಬಿಗಿಯಾಗಿ ಕಟ್ಟಿದಳು. ಗಂಟು ಹಾಕಲು ಮೂರು ಸಲ ಬೇಕಾಯಿತು.

ಆ ಬಟ್ಟೆ ಪೂರ್ತಿ ಔಷಧಿಯ ವಾಸನೆಯೇ ಹೊಡೆಯುತ್ತಿತ್ತು. ಜಯಸುಧಾ ಅದನ್ನು ಬಿಚ್ಚಲಿಲ್ಲ.